ಸಕ್ಕರೆ ಬಿಟ್ಟು ಒಂದು ಟೀ

ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿದ ದಿನವೇ ನಾನು ಟೀಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟೆ. ಒಂದೇ ದಿನಕ್ಕೆ ಬಿಟ್ಟೆ ಅಂತ ಈಗಲೂ ಹೇಳಿಕೊಂಡು ತಿರುಗುತ್ತೇನೆ. ಹೋಟೆಲಿನಲ್ಲಿ ಕೂತು ಜೋರಾಗಿ ‘ಸಕ್ಕರೆ ಬಿಟ್ಟು ಒಂದು ಟೀ’ ಅನ್ನುತ್ತೇನೆ. ಪಕ್ಕದ ಮೇಜಿನವರಿಗೂ ಕೇಳಿಸಿದರೆ ಇನ್ನೂ ಸಂತೋಷ. ಆಮೇಲೆ ಸ್ವಲ್ಪ ಮೆತ್ತಗೆ, ‘ಜಹಾಂಗೀರ್ ಇದ್ರೆ ಒಂದು ಕೊಡಪ್ಪ’ ಅನ್ನುತ್ತೇನೆ. ‘ಲೋಟದಲ್ಲಿ ಬಿಟ್ಟಿದ್ದನ್ನ ತಟ್ಟೆಯಲ್ಲಿ ವಸೂಲಿ ಮಾಡ್ತಾರೆ’ ಅಂತ ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಟೀಗೆ ಹಾಕುವುದು ಸಕ್ಕರೆ. ಜಹಾಂಗೀರು ಜಹಾಂಗೀರು.

ಈ ತರ್ಕ ನನ್ನೊಬ್ಬನದೇ ಅಂದುಕೊಂಡಿದ್ದೆ. 2010ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿ ಇದೇ ತರ್ಕದ ಒಂದು ದೊಡ್ಡ ಚಳವಳಿಯೇ ನಡೆಯುತ್ತಿತ್ತು. ಅದರ ಹೆಸರೂ ಟೀಯದೇ.

ಮಗಳು ಇದ್ದದ್ದು ಒಹಾಯೋದ ಒಂದು ಸಣ್ಣ ಊರಿನಲ್ಲಿ. ಅವತ್ತು ಏಪ್ರಿಲ್ 15, ಅಲ್ಲಿನವರು ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವ ಕೊನೆಯ ದಿನ. ಸಂಜೆ ಅಳಿಯ ಬಂದು, ‘ಮಾವ, ಪಾರ್ಕಿನಲ್ಲಿ ಟೀ ಪಾರ್ಟಿ ಇದೆ, ನೋಡ್ಕೊಂಡು ಬರೋಣ್ವಾ?’ ಅಂದರು.

‘ಯಾರು ರಿಟೈರ್ ಆದ್ರು?’ ಅಂತ ಕೇಳಿದಳು ನನ್ನ ಹೆಂಡತಿ.

ಅವಳ ತಪ್ಪಲ್ಲ. ನಮ್ಮ ಕಡೆ ಟೀ ಪಾರ್ಟಿ ಅಂದರೆ ಅದೇ ತಾನೇ? ಒಂದು ಹಾರ, ಒಂದು ಶಾಲು, ಕಾಗದದ ತಟ್ಟೆಯಲ್ಲಿ ಖಾರಾ ಮಿಕ್ಸ್ಚರು, ಒಂದು ತುಂಡು ಮೈಸೂರು ಪಾಕು, ಬಾಳೆಹಣ್ಣು. ಸಾಹೇಬರು ನಾಲ್ಕು ಒಳ್ಳೆಯ ಮಾತಾಡುತ್ತಾರೆ, ಕುರ್ಚಿಗೆ ಕಾಯುತ್ತಿದ್ದವನು ಕಣ್ಣು ಒರೆಸಿಕೊಳ್ಳುತ್ತಾನೆ. ತಮಾಷೆ ಅಂದರೆ, ಪಾರ್ಕಿಗೆ ಹೋಗಿ ನೋಡಿದರೆ ಅವಳ ಮಾತು ಅರ್ಧ ನಿಜವಾಗಿತ್ತು. ಮುಕ್ಕಾಲು ಪಾಲು ಜನ ರಿಟೈರ್ ಆದವರೇ. ಬಿಳಿ ತಲೆಗಳು, ಮನೆಯಿಂದ ತಂದ ಮಡಚುವ ಕುರ್ಚಿಗಳು, ಕೈಯಲ್ಲಿ ಫಲಕಗಳು. ಕೆಲವರ ಟೋಪಿಯ ಅಂಚಿಗೆ ಸುತ್ತಲೂ ಟೀ ಬ್ಯಾಗುಗಳು ಜೋತಾಡುತ್ತಿದ್ದವು, ಮದುಮಗನ ಬಾಸಿಂಗದ ಹಾಗೆ. ಕುಡಿಯಲು ಮಾತ್ರ ಒಂದು ತೊಟ್ಟು ಟೀ ಇರಲಿಲ್ಲ. ಎಲ್ಲರೂ ಕಾಗದದ ಲೋಟದಲ್ಲಿ ಕಾಫಿ ಹೀರುತ್ತಿದ್ದರು. ಕಾಫಿ ಮನೆತನದಲ್ಲಿ ಹುಟ್ಟಿ ಟೀಗೆ ಮತಾಂತರವಾದ ನನಗೆ ಇದು ಸ್ವಲ್ಪ ನೋವಿನ ದೃಶ್ಯ.

ಮಗಳ ಪಕ್ಕದ ಮನೆಯ ಹಿರಿಯರೊಬ್ಬರು ಅಲ್ಲೇ ಸಿಕ್ಕಿದರು. ಅವರ ಟೋಪಿಯಲ್ಲೂ ಆರೇಳು ಬ್ಯಾಗು. ‘ಟೀ’ ಅಂದರೆ ಬರೀ ಟೀ ಅಲ್ಲ, ‘ಟ್ಯಾಕ್ಸ್ಡ್ ಇನಫ್ ಆಲ್‌ರೆಡಿ’ ಅನ್ನುವುದರ ಮೊದಲ ಅಕ್ಷರಗಳು ಅಂತ ವಿವರಿಸಿದರು. ತೆರಿಗೆ ಕಟ್ಟಿ ಕಟ್ಟಿ ಸಾಕಾಗಿದೆ, ಸರ್ಕಾರ ಚಿಕ್ಕದಾಗಬೇಕು, ನಮ್ಮ ಪಾಡಿಗೆ ನಮ್ಮನ್ನು ಬಿಡಬೇಕು. ಅವರು ಹೇಳಿದ್ದು ಇಷ್ಟೇ, ಆದರೆ ಮನಸ್ಸಿನಿಂದ ಹೇಳಿದರು. ನಾವು ನಿಂತಿದ್ದ ಹುಲ್ಲುಹಾಸನ್ನು ಊರಿನ ಆಡಳಿತ ಆಗಷ್ಟೇ ಕತ್ತರಿಸಿತ್ತು. ರಸ್ತೆ ದಾಟಲು ಪೊಲೀಸರು ಕಾರುಗಳನ್ನು ನಿಲ್ಲಿಸಿಕೊಟ್ಟಿದ್ದರು. ನಾನು ಅತಿಥಿ, ಬಾಯಿ ಬಿಡಲಿಲ್ಲ.

ಅವರ ಸಿಟ್ಟಿಗೆ ಕಾರಣ ಇತ್ತು, ಇಲ್ಲ ಅನ್ನಲಾರೆ. 2008ರಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಮನೆ ಸಾಲದ ಜೂಜಾಡಿ ಕೈ ಸುಟ್ಟುಕೊಂಡವು. ಅವನ್ನು ಎತ್ತಿ ನಿಲ್ಲಿಸಲು ಬುಷ್ ಸರ್ಕಾರ ಅಕ್ಟೋಬರಿನಲ್ಲಿ 70,000 ಕೋಟಿ ಡಾಲರಿನ ಗಂಟಿಗೆ ಒಪ್ಪಿಗೆ ಪಡೆಯಿತು. ಒಬಾಮ ಬಂದವರೇ 2009ರ ಫೆಬ್ರವರಿ 17ರಂದು ಆರ್ಥಿಕತೆಯನ್ನು ಎಬ್ಬಿಸಲು 78,700 ಕೋಟಿ ಡಾಲರಿನ ಕಾಯ್ದೆಗೆ ಸಹಿ ಹಾಕಿದರು. ಮರುದಿನ, ಮನೆ ಸಾಲ ಕಟ್ಟಲಾಗದವರಿಗೆ ನೆರವು ಅಂತ ಹೇಳಿದರು. ಅದರ ಮರುದಿನ ಸಿಎನ್‌ಬಿಸಿ ಚಾನೆಲ್ಲಿನ ರಿಕ್ ಸ್ಯಾಂಟೆಲ್ಲಿ ಶಿಕಾಗೋದ ವಾಯಿದೆ ಮಾರುಕಟ್ಟೆಯ ಅಂಗಳದಲ್ಲಿ ನಿಂತು ಕೂಗಾಡಿದರು. ಮನೆಗೆ ಇನ್ನೊಂದು ಬಚ್ಚಲು ಕಟ್ಟಿಸಿಕೊಂಡು ಈಗ ಸಾಲ ತೀರಿಸಲಾಗದ ಪಕ್ಕದ ಮನೆಯವನ ಕಂತನ್ನು ನಿಮ್ಮಲ್ಲಿ ಎಷ್ಟು ಜನ ಕಟ್ಟುತ್ತೀರಿ ಅಂತ ಕೇಳಿದರು. ಶಿಕಾಗೋದಲ್ಲಿ ಒಂದು ಟೀ ಪಾರ್ಟಿ ಮಾಡೋಣ ಅಂದರು. ಸುತ್ತ ಇದ್ದ ವ್ಯಾಪಾರಿಗಳು ಹೋ ಅಂದರು. ಏಪ್ರಿಲ್ ಹೊತ್ತಿಗೆ ನೂರಾರು ಊರುಗಳಲ್ಲಿ ಸಭೆಗಳು. ನನಗೆ ಈಗಲೂ ಬಗೆಹರಿಯದ್ದು ಒಂದೇ: ಬ್ಯಾಂಕಿನವರ 70,000 ಕೋಟಿಗಿಂತ ಪಕ್ಕದ ಮನೆಯವನ ಬಚ್ಚಲು ಯಾಕೆ ಜಾಸ್ತಿ ಉರಿಸಿತು? ಬಚ್ಚಲು ಕಣ್ಣಿಗೆ ಕಾಣುತ್ತದೆ, ಅಷ್ಟೇ ಇರಬಹುದು.

ಅವರು ಹೆಸರು ತಂದುಕೊಂಡದ್ದು 1773ರ ಬಾಸ್ಟನ್ನಿನಿಂದ. ಡಿಸೆಂಬರ್ 16ರ ರಾತ್ರಿ ಅಲ್ಲಿನ ಜನ ಮೋಹಾಕ್ ಎಂಬ ಅಮೆರಿಕದ ಮೂಲನಿವಾಸಿಗಳ ವೇಷ ಹಾಕಿ, ಮೂರು ಹಡಗು ಹತ್ತಿ, ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಟೀ ಪುಡಿಯನ್ನು ಸಮುದ್ರಕ್ಕೆ ಸುರಿದರು. ಇದನ್ನು ಹೇಳಿದಾಗ ನನ್ನ ಹೆಂಡತಿ, ‘ಅಷ್ಟೂ ದಂಡ?’ ಅಂದಳು. ಕಂಪನಿಯ ಟೀ ಅಂದರೆ ನಮ್ಮ ಅಸ್ಸಾಮಿನದು ಅಂದುಕೊಳ್ಳಬೇಡಿ. ಅದು ಚೀನಾದ್ದು. ಅಸ್ಸಾಮಿನಲ್ಲಿ ಕಂಪನಿ ತೋಟ ಮಾಡಿದ್ದು ಇನ್ನೂ ಅರವತ್ತು ವರ್ಷ ಆದ ಮೇಲೆ.

ಆ ವರ್ಷದ ಟೀ ಕಾಯ್ದೆಯಿಂದ ಟೀ ತುಟ್ಟಿಯಾಗಿರಲಿಲ್ಲ, ಅಗ್ಗವಾಗಿತ್ತು. ಕಂಪನಿ ದಿವಾಳಿಯ ಅಂಚಿನಲ್ಲಿತ್ತು, ಲಂಡನ್ನಿನ ಗೋದಾಮುಗಳಲ್ಲಿ ಟೀ ಕೊಳೆಯುತ್ತಿತ್ತು. ಬ್ರಿಟಿಷ್ ಸರ್ಕಾರ 14 ಲಕ್ಷ ಪೌಂಡು ಸಾಲ ಕೊಟ್ಟಿತು. ಲಂಡನ್ನಿನ ಸುಂಕ ಬಿಟ್ಟು, ಟೀಯನ್ನು ನೇರ ಅಮೆರಿಕಕ್ಕೆ ಕಳಿಸಿಕೋ ಅಂದಿತು. ಪೌಂಡು ತೂಕಕ್ಕೆ ಮೂರು ಪೆನ್ನಿಯ ಹಳೆಯ ತೆರಿಗೆ ಮಾತ್ರ ಉಳಿಯಿತು. ಕದ್ದು ತಂದ ಡಚ್ಚರ ಟೀ ಮಾರುತ್ತಿದ್ದ ವ್ಯಾಪಾರಿಗಳ ಹೊಟ್ಟೆಗೆ ಇದರಿಂದ ಏಟು ಬಿತ್ತು. ಮುಳುಗುವ ದೊಡ್ಡ ಕಂಪನಿಯನ್ನು ಸರ್ಕಾರ ಎತ್ತಿ ಹಿಡಿದಿತ್ತು ಅನ್ನುವ ಮಟ್ಟಿಗೆ ಹೆಸರು ಚೆನ್ನಾಗಿ ಹೊಂದುತ್ತದೆ.

ಕಂಪನಿ ಆ ಗತಿಗೆ ಬರುವುದರಲ್ಲಿ ನಮ್ಮವರ ಪಾಲೂ ಸ್ವಲ್ಪ ಇದೆ. 1769ರಲ್ಲಿ ಹೈದರಾಲಿ ಮದ್ರಾಸಿನ ಬಾಗಿಲ ತನಕ ಹೋಗಿ ಸಂಧಿ ಬರೆಸಿಕೊಂಡ. ಅವನ ದಾಳಿಯ ಸುದ್ದಿಗೆ ಲಂಡನ್ನಿನಲ್ಲಿ ಕಂಪನಿಯ ಷೇರು ಉರುಳಿತು. ಆಮೇಲೆ ಬಂಗಾಳದ ಕ್ಷಾಮ, ಯೂರೋಪಿನ ಸಾಲದ ಬಿಕ್ಕಟ್ಟು ಎಲ್ಲ ಸೇರಿಕೊಂಡವು. ಅಮೆರಿಕದವರು ಹೈದರನನ್ನು ಮರೆಯಲಿಲ್ಲ. 1782ರಲ್ಲಿ ಬ್ರಿಟಿಷರ ಜನರಲ್ ಮಾಂಕ್ ಎಂಬ ಹಡಗನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರೇ ‘ಹೈದರ್ ಅಲಿ’. ಇದನ್ನು ಪಕ್ಕದ ಮನೆಯವರಿಗೆ ಹೇಳಿ ಮೈಸೂರಿನ ಮಾನ ಎತ್ತಿ ಹಿಡಿದೆ. ಅವರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ‘ನೀವು ಅಲ್ಲಿ ಏನು ಮಾಡುತ್ತಿದ್ದಿರಿ?’ ಅಂದರು.

‘ಸರ್ಕಾರಿ ಕೆಲಸ. 33 ವರ್ಷ.’

‘ಓ’ ಅಂದರು.

ಚಳವಳಿಯ ಬಗ್ಗೆ ನಾನು ಓದಿದ್ದರಲ್ಲಿ ತುಂಬ ಇಷ್ಟವಾದ ಪ್ರಸಂಗ ದಕ್ಷಿಣ ಕೆರೊಲಿನಾದ ಸಿಂಪ್ಸನ್‌ವಿಲ್ಲಿನದು. 2009ರಲ್ಲಿ ಅಲ್ಲಿನ ರಿಪಬ್ಲಿಕನ್ ಸಂಸದ ಬಾಬ್ ಇಂಗ್ಲಿಸ್ ಜನರ ಅಹವಾಲು ಕೇಳಲು ಕೂತಿದ್ದರು. ಒಬಾಮರ ಆರೋಗ್ಯ ಮಸೂದೆಯ ಗಲಾಟೆಯ ಕಾಲ. ಒಬ್ಬರು ಎದ್ದು, ‘ನನ್ನ ಮೆಡಿಕೇರ್ ಮೇಲೆ ಸರ್ಕಾರ ಕೈ ಹಾಕಕೂಡದು’ ಅಂದರು. ಮೆಡಿಕೇರ್ ಅನ್ನುವುದು 65 ದಾಟಿದವರಿಗಾಗಿ 1965ರಲ್ಲಿ ಬಂದ ಸರ್ಕಾರದ್ದೇ ಆರೋಗ್ಯ ವಿಮೆ. ನಿಮ್ಮ ಚಿಕಿತ್ಸೆಯ ಖರ್ಚು ಕೊಡುತ್ತಿರುವುದೇ ಸರ್ಕಾರ ಸ್ವಾಮಿ ಅಂತ ಇಂಗ್ಲಿಸ್ ನಯವಾಗಿ ಹೇಳಿ ನೋಡಿದರು. ಅವರು ಸುತರಾಂ ಒಪ್ಪಲಿಲ್ಲ. ಮುಂದಿನ ವರ್ಷ ಪಕ್ಷದೊಳಗಿನ ಚುನಾವಣೆಯಲ್ಲಿ ಇಂಗ್ಲಿಸ್ ಸೋತರು.

ಆ ಮನುಷ್ಯನನ್ನು ನೋಡಿ ದೇಶವೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಜಹಾಂಗೀರು ನೆನಪಾಯಿತು.

ನಾನು ಪಾರ್ಕಿಗೆ ಹೋದ 2010ರ ಏಪ್ರಿಲಿನಲ್ಲೇ ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಬಿಎಸ್ ಸೇರಿ ಒಂದು ಸಮೀಕ್ಷೆ ಮಾಡಿದ್ದವು. ಅಮೆರಿಕದವರಲ್ಲಿ ಶೇ. 18 ಮಂದಿ ತಾವು ಟೀ ಪಾರ್ಟಿಯ ಕಡೆ ಅಂದರು. ಸಾಮಾನ್ಯರಿಗಿಂತ ಸ್ವಲ್ಪ ಜಾಸ್ತಿ ಓದಿದವರು, ಜಾಸ್ತಿ ಉಳ್ಳವರು, ವಯಸ್ಸಾದವರು. ಸರ್ಕಾರ ಚಿಕ್ಕದಾಗಬೇಕು ಅಂದರು. ಮೆಡಿಕೇರ್, ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಇವೆಲ್ಲ ಅವಕ್ಕೆ ಸುರಿಯುವ ದುಡ್ಡಿಗೆ ತಕ್ಕವು ಅಂತಲೂ ಹೆಚ್ಚಿನವರು ಅಂದರು. ಇನ್ನೂ ಮಜಾ ಅಂದರೆ, ಆ ವರ್ಷ ತಾವು ಕಟ್ಟುವ ಆದಾಯ ತೆರಿಗೆ ನ್ಯಾಯವಾಗಿಯೇ ಇದೆ ಅಂದವರು ಅರ್ಧಕ್ಕಿಂತ ಜಾಸ್ತಿ! ಕ್ಯಾಲಿಫೋರ್ನಿಯಾದ ಒಬ್ಬ ಹೆಂಗಸನ್ನು ಪತ್ರಿಕೆಯವರು ಮತ್ತೆ ಮಾತಾಡಿಸಿ ಇದು ಹೇಗೆ ಅಂತ ಕೇಳಿದರು. ಆಕೆ ಯೋಚಿಸಿ, ತನಗೆ ಚಿಕ್ಕ ಸರ್ಕಾರವೂ ಬೇಕು, ತನ್ನ ಸೋಶಿಯಲ್ ಸೆಕ್ಯುರಿಟಿಯೂ ಬೇಕು ಅಂದರು. ತನಗೆ ಬೇಕಾದದ್ದೇ ಹೋಗುತ್ತದೆ ಅನ್ನುವ ದಿಕ್ಕಿನಿಂದ ನೋಡಿರಲಿಲ್ಲ, ಬಹುಶಃ ಮನಸ್ಸು ಬದಲಾಯಿಸಿದೆ ಅಂದರು. ನನ್ನ ವಯಸ್ಸಿನವರು ಪೇಪರಿನವರ ಮುಂದೆ ಹಾಗೆ ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಾನಾಗಿದ್ದರೆ ಫೋನು ಕಟ್ ಮಾಡುತ್ತಿದ್ದೆ.

ಇದು ಟೀ ಪಾರ್ಟಿಯವರ ಗುಟ್ಟು ಮಾತ್ರವೂ ಅಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸುಝಾನ್ ಮೆಟ್ಲರ್ 2008ರ ಸಮೀಕ್ಷೆಯೊಂದರಲ್ಲಿ ಜನರನ್ನು ಕೇಳಿದರು: ಸರ್ಕಾರದ ಯಾವುದಾದರೂ ನೆರವಿನ ಯೋಜನೆ ಬಳಸಿದ್ದೀರಾ? ಮೆಡಿಕೇರ್ ಪಡೆಯುತ್ತಿದ್ದವರಲ್ಲಿ ಶೇ. 40ರಷ್ಟು, ಸೋಶಿಯಲ್ ಸೆಕ್ಯುರಿಟಿ ಪಡೆಯುತ್ತಿದ್ದವರಲ್ಲಿ ಶೇ. 44ರಷ್ಟು, ಮನೆ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆದವರಲ್ಲಿ ಶೇ. 60ರಷ್ಟು ಜನ ‘ಇಲ್ಲಪ್ಪ’ ಅಂದರು. ಸುಳ್ಳು ಹೇಳಿದ್ದಲ್ಲ. ಕರಗಿದ ಸಕ್ಕರೆ ಎಲ್ಲಿ ಕಾಣುತ್ತದೆ?

ಕೇಳಿದರೆ ಪಕ್ಕದ ಮನೆಯವರ ಉತ್ತರ ಸಿದ್ಧವಾಗಿತ್ತು. ಮೆಡಿಕೇರ್ ಅವರದು, ಯಾಕೆಂದರೆ ದುಡಿದಷ್ಟು ಕಾಲ ಪ್ರತಿ ಸಂಬಳದಿಂದಲೂ ಅದಕ್ಕೆ ದುಡ್ಡು ಮುರಿದುಕೊಂಡಿದ್ದಾರೆ. ಇದರಲ್ಲಿ ನ್ಯಾಯ ಇದೆ, ಮುರಿದುಕೊಂಡದ್ದಕ್ಕಿಂತ ಸಾಮಾನ್ಯವಾಗಿ ಜಾಸ್ತಿಯೇ ವಾಪಸು ಬರುತ್ತದೆ ಅನ್ನುವುದು ಬೇರೆ ಮಾತು. ಹಾರ್ವರ್ಡಿನ ಥೀಡಾ ಸ್ಕಾಚ್‌ಪಾಲ್, ವನೆಸಾ ವಿಲಿಯಮ್ಸನ್ ಈ ಸಭೆಗಳಲ್ಲಿ ಕೂತು ಕೇಳಿ ಕಂಡುಕೊಂಡದ್ದೂ ಇದನ್ನೇ. ಜಗಳ ಸರ್ಕಾರದ ಗಾತ್ರದ್ದಲ್ಲ. ದುಡಿದು ಪಡೆದವರು ನಾವು, ಬಿಟ್ಟಿ ತಿನ್ನುವವರು ಅವರು ಅನ್ನುವ ಗೆರೆಯದ್ದು. ಆ ‘ಅವರು’ ಯಾರು ಅಂದರೆ ಸಾಮಾನ್ಯವಾಗಿ ಬಡವರು, ವಲಸೆ ಬಂದವರು, ಕೆಲವು ಸಲ ಸ್ವಂತ ಮೊಮ್ಮಕ್ಕಳು. ಗೆರೆ ಎಳೆಯುವವನ ಕಾಲು ಯಾವತ್ತೂ ಗೆರೆಯ ಈಚೆಗೇ ಇರುತ್ತದೆ. ನನ್ನದೂ ಅಷ್ಟೇ. ಬೆಳಿಗ್ಗೆ ಪೇಪರು ಹಿಡಿದು, ಬಿಟ್ಟಿ ಭಾಗ್ಯಗಳಿಂದ ಖಜಾನೆ ಬರಿದಾಯಿತು ಅಂತ ಬೈಯುತ್ತೇನೆ. ತಿಂಗಳ ಮೊದಲ ದಿನ ಬ್ಯಾಂಕಿನ ಮೆಸೇಜು ಬಂತಾ ಅಂತ ಮೂರು ಸಲ ಫೋನು ನೋಡುತ್ತೇನೆ. ಅದು ಬೇರೆ. ಪಿಂಚಣಿ ಪಿಂಚಣಿ.

ನಾಯಕರಾದವರ ಕತೆಗೆ ಇಷ್ಟು ಕನಿಕರ ನನ್ನಲ್ಲಿಲ್ಲ. 2009ರ ಸೆಪ್ಟೆಂಬರ್ 12ರಂದು ವಾಷಿಂಗ್ಟನ್ನಿನಲ್ಲಿ ದೊಡ್ಡ ಮೆರವಣಿಗೆ ಆಯಿತು. ಅದಾದ ಮೇಲೆ ಟೆಕ್ಸಸ್ಸಿನ ಸಂಸದ ಕೆವಿನ್ ಬ್ರೇಡಿ, ಮೆರವಣಿಗೆಗೆ ಬಂದವರಿಗೆ ಮೆಟ್ರೋ ರೈಲು ಸಾಲಲಿಲ್ಲ ಅಂತ ದೂರು ಬರೆದರು. ಸರ್ಕಾರದ ಖರ್ಚು ಹೆಚ್ಚಾಯಿತು ಅಂತ ಕೂಗಲು ಹೋಗುವವರಿಗೆ ಸರ್ಕಾರಿ ರೈಲು ಇನ್ನೂ ನಾಲ್ಕು ಬೇಕಿತ್ತು! ಟೆನೆಸ್ಸಿಯ ಸ್ಟೀಫನ್ ಫಿಂಚರ್ ಇನ್ನೂ ಒಂದು ಕೈ ಮೇಲೆ. 2010ರ ಅಲೆಯಲ್ಲಿ ಗೆದ್ದ ರೈತ. ಬಡವರಿಗೆ ಸರ್ಕಾರ ಕೊಡುವ ಆಹಾರದ ನೆರವು, ಅಂದರೆ ಫುಡ್ ಸ್ಟಾಂಪು, ಕಡಿಮೆ ಮಾಡುವ ಚರ್ಚೆಯಲ್ಲಿ, ದುಡಿಯದವನು ಉಣ್ಣಬಾರದು ಅಂತ ಬೈಬಲ್ ಓದಿದರು. ಅವರಿಗೆ ಕೃಷಿ ಸಬ್ಸಿಡಿಯಾಗಿ ಸುಮಾರು 35 ಲಕ್ಷ ಡಾಲರ್ ಬಂದಿತ್ತು.

ಅದು ತಳಮಟ್ಟದ, ಹುಲ್ಲಿನ ಬೇರಿನ ಚಳವಳಿ ಅಂತ ಅವರು ಹೇಳಿಕೊಳ್ಳುತ್ತಿದ್ದರು. ಇಲ್ಲ, ಇದು ಪ್ಲಾಸ್ಟಿಕ್ ಹುಲ್ಲು ಅಂತ ಎದುರಿನವರು ಚುಚ್ಚುತ್ತಿದ್ದರು. ಮಾಜಿ ರಿಪಬ್ಲಿಕನ್ ಸಂಸದ ಡಿಕ್ ಆರ್ಮಿಯವರ ಫ್ರೀಡಂವರ್ಕ್ಸ್, ಕೋಟ್ಯಧಿಪತಿ ಡೇವಿಡ್ ಕೋಕ್ ಬೆನ್ನಿಗಿದ್ದ ಸಂಘಟನೆ, ಇವೆಲ್ಲ ದುಡ್ಡು, ಬಸ್ಸು, ತರಬೇತಿ ಒದಗಿಸಿದ್ದು ನಿಜ. ಪಾರ್ಕಿನಲ್ಲಿ ನಾನು ಕಂಡದ್ದು ಮಾತ್ರ ನಿಜವಾದ ಹುಲ್ಲೇ. ಫಲಕಗಳ ಮೇಲಿನ ಕಾಗುಣಿತದ ತಪ್ಪುಗಳನ್ನು ಯಾವ ಕೋಟ್ಯಧಿಪತಿಯೂ ಮಾಡಿಸಿರಲಾರ. ಆದರೆ 2010ರ ಫೆಬ್ರವರಿಯಲ್ಲಿ ನ್ಯಾಶ್‌ವಿಲ್ಲಿನಲ್ಲಿ ನಡೆದ ಅವರ ಸಮಾವೇಶಕ್ಕೆ ಟಿಕೆಟು 549 ಡಾಲರ್. ಭಾಷಣಕ್ಕೆ ಬಂದ, 2008ರಲ್ಲಿ ರಿಪಬ್ಲಿಕನ್ನರ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್‌ಗೆ ಒಂದು ಲಕ್ಷ ಡಾಲರ್. ಮಡಚುವ ಕುರ್ಚಿ ಹೊತ್ತು ತಂದವರಿಗೆ ಅಲ್ಲಿ ಜಾಗ ಎಲ್ಲಿ?

2013ರ ಅಕ್ಟೋಬರಿನಲ್ಲಿ ಆಸೆ ಕೈಗೂಡಿತು. ಒಬಾಮರ ಆರೋಗ್ಯ ಕಾಯ್ದೆಗೆ ದುಡ್ಡು ಕೊಡಬಾರದು ಅಂತ ಇವರ ಕಡೆಯ ಸಂಸದರು ಹಟ ಹಿಡಿದು, ಖರ್ಚಿನ ಮಸೂದೆ ಪಾಸಾಗದೆ, ಅಮೆರಿಕ ಸರ್ಕಾರದ ಅನೇಕ ಕಚೇರಿಗಳು 16 ದಿನ ಬಾಗಿಲು ಹಾಕಿದವು. ಆ ಹಟದ ಮುಂದಾಳು ಸೆನೆಟರ್ ಟೆಡ್ ಕ್ರೂಝ್. ವಾಷಿಂಗ್ಟನ್ನಿನ ಎರಡನೇ ಮಹಾಯುದ್ಧದ ಸ್ಮಾರಕಕ್ಕೂ ಅಡ್ಡಗಟ್ಟೆ ಬಿತ್ತು. ಆಗ ಸಿಟ್ಟಿಗೆದ್ದ ಒಂದು ಗುಂಪು ಅಲ್ಲಿಗೆ ನುಗ್ಗಿ ಸ್ಮಾರಕ ಯಾಕೆ ಮುಚ್ಚಿದಿರಿ ಅಂತ ಕೂಗಿತು. ಮುಂದೆ ನಿಂತವರಲ್ಲಿ ಪೇಲಿನ್ ಇದ್ದರು, ಸೆನೆಟರ್ ಮೈಕ್ ಲೀ ಇದ್ದರು. ಟೆಡ್ ಕ್ರೂಝ್ ಕೂಡ ಇದ್ದರು.

ಆವತ್ತು ಪಾರ್ಕಿನಲ್ಲಿ ಭಾಷಣ ಮುಗಿಯುವ ಮೊದಲೇ ಮಳೆ ಹನಿಯಿತು. ಪಕ್ಕದ ಮನೆಯವರ ಟೋಪಿಯ ಬ್ಯಾಗುಗಳು ನೆನೆದು, ಬಿಳಿ ಅಂಗಿಯ ಹೆಗಲ ಮೇಲೆ ಕಂದು ಗೆರೆಗಳು ಇಳಿದವು. ಅವರು ನಕ್ಕು, ಒಣಗಿದ್ದ ಒಂದನ್ನು ಬಿಚ್ಚಿ, ನೆನಪಿಗೆ ಇರಲಿ ಅಂತ ನನ್ನ ಕೈಗಿಟ್ಟರು. ಒಳ್ಳೆಯ ಮನುಷ್ಯ. ನಾವು ಹೊರಡುವ ದಿನ ಸೂಟ್‌ಕೇಸುಗಳನ್ನು ಕಾರಿಗೆ ಏರಿಸಿಕೊಟ್ಟವರೂ ಅವರೇ.

ಮೈಸೂರಿಗೆ ಬಂದು ಎಷ್ಟೋ ತಿಂಗಳ ಮೇಲೆ ಸ್ವೆಟರಿನ ಜೇಬಿನಲ್ಲಿ ಅದು ಸಿಕ್ಕಿತು. ಚಳವಳಿಯ ಟೀ ಹೇಗಿರುತ್ತದೆ ನೋಡೇ ಬಿಡೋಣ ಅಂತ ಹೆಂಡತಿ ಬಿಸಿನೀರಿಗೆ ಹಾಕಿ ತಂದಳು. ಬಣ್ಣ ಬಂದಿತ್ತು, ರುಚಿ ಏನೂ ಇರಲಿಲ್ಲ. ಪಾಪ ಅನ್ನಿಸಿ ಅವಳು ಒಂದೂವರೆ ಚಮಚ ಸಕ್ಕರೆ ಹಾಕಿಬಿಟ್ಟಿದ್ದಳು. ಮೊದಲ ಗುಟುಕಿಗೇ ಗೊತ್ತಾಯಿತು. ಏನೂ ಗೊತ್ತಾಗದವನ ಹಾಗೆ ಪೂರ್ತಿ ಕುಡಿದೆ.