ಕ್ಯೂಟಿ ಟೇಬಲ್‌ನಲ್ಲಿ ರೈಟ್ ಕ್ಲಿಕ್ ಮೆನು ಮೇಲಕ್ಕೆ ಜರುಗುತ್ತಿದೆಯಾ? ನನ್ನ ಹಳೆಯ ಮೆಸೇಜ್ ತಪ್ಪು

ಜಯನಗರದಲ್ಲಿ ಭಾನುವಾರ ಕೂತು ಕ್ಯೂಟಿ (ಆ್ಯಪ್‌ಗಳ ಪರದೆ ಕಟ್ಟುವ ಪ್ರೋಗ್ರಾಮಿಂಗ್ ಲೈಬ್ರರಿ) ಕಲಿಯುತ್ತೇವಲ್ಲ, ಆ ಗುಂಪಿಗೆ ನಾನು ಕಳಿಸಿದ್ದ ಮೆಸೇಜ್ ಈಗ ಬೆಂಗಳೂರಿನ ಬೇರೆ ಗುಂಪುಗಳಲ್ಲೂ ಓಡಾಡುತ್ತಿದೆ. "ರೈಟ್ ಕ್ಲಿಕ್ ಮೆನು ತೋರಿಸಲು ಯಾವ ವಿಜೆಟ್ ಆದರೂ ಅದರದ್ದೇ ಮ್ಯಾಪ್‌ಟುಗ್ಲೋಬಲ್ ಸಾಕು" ಅಂತ ಬರೆದಿದ್ದೆ. ಅದು ತಪ್ಪು. (ವಿಜೆಟ್ ಅಂದರೆ ಬಟನ್, ಟೇಬಲ್‌ನಂಥ ಪರದೆಯ ಭಾಗ; ಮ್ಯಾಪ್‌ಟುಗ್ಲೋಬಲ್ ಅಂದರೆ ವಿಜೆಟ್‌ನೊಳಗಿನ ಜಾಗವನ್ನು ಇಡೀ ಪರದೆಯ ಲೆಕ್ಕಕ್ಕೆ ಬದಲಿಸುವ ಫಂಕ್ಷನ್.)

ಬಟನ್, ಲೇಬಲ್‌ಗೆ ಸರಿ. ಆದರೆ ಟೇಬಲ್, ಟ್ರೀ, ಲಿಸ್ಟ್‌ನಂಥ ಸ್ಕ್ರೋಲ್ ಆಗುವ ವಿಜೆಟ್‌ಗಳಲ್ಲಿ, ರೈಟ್ ಕ್ಲಿಕ್ ಆದಾಗ ಬರುವ ಕಸ್ಟಮ್‌ಕಾಂಟೆಕ್ಸ್ಟ್‌ಮೆನುರಿಕ್ವೆಸ್ಟೆಡ್ ಸಿಗ್ನಲ್ ಕೊಡುವ ಜಾಗ ಒಳಗಿನ ವ್ಯೂಪೋರ್ಟ್‌ನ (ಅಂಚಿನ ಹೆಡರ್ ಪಟ್ಟಿ ಬಿಟ್ಟು ಸಾಲುಗಳು ಕಾಣುವ ಭಾಗದ) ಲೆಕ್ಕದ್ದು, ಹೊರಗಿನ ವಿಜೆಟ್‌ನದ್ದಲ್ಲ. ಕ್ಯೂಟಿಯ ಅಧಿಕೃತ ದಾಖಲೆಯಲ್ಲಿ, ಕ್ಯೂವಿಜೆಟ್ ಪುಟದಲ್ಲಿ, ಇದೇ ಸಿಗ್ನಲ್‌ನ ವಿವರಣೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಅದನ್ನು ಪೂರ್ತಿ ಓದಿರಲಿಲ್ಲ.

ಹಾಗಾಗಿ ಟೇಬಲ್‌ನ ವ್ಯೂಪೋರ್ಟ್ ಮೇಲೆ ಮ್ಯಾಪ್‌ಟುಗ್ಲೋಬಲ್ ಕರೆಯಿರಿ, ಬಂದದ್ದನ್ನು ಮೆನು ತೋರಿಸುವ ಎಕ್ಸೆಕ್ ಫಂಕ್ಷನ್‌ಗೆ ಕೊಡಿ. ಇಲ್ಲದಿದ್ದರೆ ಮೆನು ಹೆಡರ್‌ನಷ್ಟು ಮೇಲಕ್ಕೂ ಎಡಕ್ಕೂ ಜರುಗುತ್ತದೆ. ಐದನೇ ಸಾಲನ್ನು ಕ್ಲಿಕ್ ಮಾಡಿದವರಿಗೆ ಮೆನು ನಾಲ್ಕನೆಯದಕ್ಕೆ ಸೇರಿದ್ದು ಅನ್ನಿಸುತ್ತದೆ, ಅದರಲ್ಲಿ 'ಅಳಿಸು' ಇದ್ದರೆ ಭಯ ಆಗುತ್ತದೆ ಅಲ್ವಾ? ಯಾವ ಸಾಲು ಅಂತ ತಿಳಿಯಲು ಮಾತ್ರ ಸಿಗ್ನಲ್ ಕೊಟ್ಟ ಜಾಗವನ್ನು ಬದಲಿಸದೆ ಟೇಬಲ್‌ನ ಇಂಡೆಕ್ಸ್‌ಆ್ಯಟ್ ಫಂಕ್ಷನ್‌ಗೆ ಕೊಡಿ, ಅದು ಕೇಳುವುದೂ ವ್ಯೂಪೋರ್ಟ್ ಲೆಕ್ಕವನ್ನೇ.

ದಯವಿಟ್ಟು ಹಳೆಯ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲೇ ಇದನ್ನೂ ಹಾಕಿಬಿಡಿ.