ಹಳೇ ಸರ್ಕ್ಯೂಟ್‌ಗಳನ್ನು ಈಗಲೂ ಕಟ್ಟಬಹುದು

ಹಳೇ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳ ಸರ್ಕ್ಯೂಟ್‌ಗಳಿಗೆ ಈಗ ಪಾರ್ಟ್ಸ್ ಸಿಗುವುದಿಲ್ಲ ಎಂದು ಲೇಖನದಲ್ಲಿ ಬರೆದಿದ್ದೀರಿ. ಎಲ್ಲದಕ್ಕೂ ಈ ಮಾತು ಹೊಂದುವುದಿಲ್ಲ ಸರ್. ಎಸಿ128 ತರಹದ ಜರ್ಮೇನಿಯಂ ಟ್ರಾನ್ಸಿಸ್ಟರ್ ಹುಡುಕೋದು ಕಷ್ಟ, ಒಪ್ಪುತ್ತೇನೆ. ಆ ಜಾಗಕ್ಕೆ ಸುಮ್ನೆ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿದರೂ ಆಗುವುದಿಲ್ಲ. ಜರ್ಮೇನಿಯಂಗೆ, ಟ್ರಾನ್ಸಿಸ್ಟರನ್ನು ಆನ್ ಮಾಡುವ ಕಾಲಾದ ಬೇಸ್‌ನಲ್ಲಿ 0.2–0.3 ವೋಲ್ಟ್ ಸಾಕು, ಸಿಲಿಕಾನ್‌ಗೆ 0.6–0.7 ಬೇಕು. ಆ ವೋಲ್ಟೇಜ್ ಹೊಂದಿಸುವ ಬಯಾಸ್ ರೆಸಿಸ್ಟರ್ ಬದಲಿಸಲೇಬೇಕು. ಎಸ್‌ಎಲ್‌100 ಎಂಬ ಹಳೇ ಸಿಲಿಕಾನ್ ಟ್ರಾನ್ಸಿಸ್ಟರ್ ಇದ್ದ ಕಡೆ ಮಾತ್ರ 2ಎನ್2219 ಹಾಕಿದರೆ ಸಾಮಾನ್ಯವಾಗಿ ನಡೆಯುತ್ತದೆ.

ಆದರೆ 555 ಟೈಮರ್? ಸಮಯ ಲೆಕ್ಕ ಹಾಕಿ ಆನ್-ಆಫ್ ಮಾಡುವ, 1972ರಲ್ಲಿ ಬಂದ ಐಸಿ (ಚಿಪ್), ಇವತ್ತಿಗೂ ಬೆಂಗಳೂರಿನ ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೊಡುತ್ತಾರೆ.

ಹೋದ ತಿಂಗಳು ಅಟ್ಟದಿಂದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಹಳೇ ಸಂಚಿಕೆಗಳನ್ನು ಇಳಿಸಿದೆ. ಹಾಳೆಗಳು ಹಳದಿಯಾಗಿವೆ, ಅಂಚಿನಲ್ಲಿ ನಾನು ಪೆನ್ಸಿಲ್‌ನಲ್ಲಿ ಬರೆದ ಪಾರ್ಟ್ಸ್ ರೇಟು ಹಾಗೇ ಇದೆ. ಮಗಳ ಜೊತೆ ಕೂತು ಅದೇ 555 ಬಳಸಿ ಎಲ್‌ಇಡಿ ಮಿನುಗಿಸುವ ಸರ್ಕ್ಯೂಟ್ ಕಟ್ಟಿದೆ. 8 ಮತ್ತು 7ನೇ ಪಿನ್ ನಡುವೆ 1 ಕಿಲೋಓಮ್, 7 ಮತ್ತು 6ರ ನಡುವೆ 68 ಕಿಲೋಓಮ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು ಒಂದು ಸಲ ಮಿನುಗಬೇಕು. ಮೊದಲು ಉರಿಯಲೇ ಇಲ್ಲ. ಎಲ್‌ಇಡಿ ಕಾಲು ಉಲ್ಟಾ ಇತ್ತು, ಅದನ್ನು ಅವಳೇ ಕಂಡುಹಿಡಿದಳು. ಆಮೇಲೆ ‘ಅಪ್ಪ, ಇನ್ನೂ ಜೋರಾಗಿ ಮಿನುಗಿಸಬಹುದಾ?’ ಅಂದಳು. 68 ತೆಗೆದು 33 ಕಿಲೋಓಮ್ ಹಾಕಿದೆವು. ವೇಗ ಹೆಚ್ಚುಕಡಿಮೆ ಎರಡರಷ್ಟಾಯಿತು. ಈಗ ನೀರಿನ ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ ಬೇಕಂತೆ. ಅದರ ಪುಟಕ್ಕೆ ಈಗಾಗಲೇ ಗುರುತು ಇಟ್ಟಿದ್ದಾಳೆ.