ಹೂಡಿ ಹಾಕಿಕೊಳ್ಳುವುದು ಏಸಿ ಚಳಿಗೆ

ಹೋದ ತಿಂಗಳು ಊರಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ಸಂಬಂಧಿಕರ ಹುಡುಗ ಕೂತಿದ್ದ. ಡಿಗ್ರಿ ಕೊನೇ ವರ್ಷ. ಕೋಸಂಬರಿ ಬಡಿಸುವಾಗ ಶುರು ಮಾಡಿದವನು ಪಾಯಸ ಬಂದರೂ ಬಿಡಲಿಲ್ಲ. "ಅಣ್ಣ, ನಾನೂ ಎಥಿಕಲ್ ಹ್ಯಾಕರ್ ಆಗ್ಬೇಕು." ಅಂದರೆ ಅನುಮತಿ ಪಡೆದೇ ಕಂಪನಿಗಳ ಕಂಪ್ಯೂಟರ್ ಬೀಗ ಒಡೆದು ತೋರಿಸುವವನು. ಎಡಗೈಯಲ್ಲೇ ಫೋನ್ ತೆಗೆದು ಒಂದು ಜಾಹೀರಾತು ತೋರಿಸಿದ. ಕಪ್ಪು ಹೂಡಿ ಹಾಕಿದ ಮುಖ ಕಾಣದ ಆಸಾಮಿ, ಹಿಂದೆ ಹಸಿರು ಅಕ್ಷರಗಳ ಮಳೆ. ಆರು ತಿಂಗಳ ಕೋರ್ಸ್, ಒಂದೂವರೆ ಲಕ್ಷ ಫೀಸು.

ನಾನು ಬೆಂಗಳೂರಲ್ಲಿ ಸೈಬರ್ ಸೆಕ್ಯೂರಿಟಿ ಕೆಲಸಕ್ಕೆ, ಅಂದರೆ ಕಂಪನಿಯ ಕಂಪ್ಯೂಟರ್‌ಗಳನ್ನು ಕಾಯುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಆಯಿತು. ಹೂಡಿ ನಾವೂ ಹಾಕುತ್ತೇವೆ, ಸುಳ್ಳಲ್ಲ. ರಾತ್ರಿ ಶಿಫ್ಟಿನಲ್ಲಿ ಏಸಿ ಕಮ್ಮಿ ಮಾಡುವವರು ಯಾರೂ ಇರುವುದಿಲ್ಲ, ಅದಕ್ಕೆ.

ಹಸಿರು ಅಕ್ಷರ ಮಾತ್ರ ನಾನು ಇನ್ನೂ ನೋಡಿಲ್ಲ. ನಾನು ನೋಡುವುದು ಟಿಕೆಟ್, ಅಂದರೆ ಒಂದೊಂದು ಅಲರ್ಟಿಗೂ ತೆರೆದುಕೊಳ್ಳುವ ಒಂದೊಂದು ದೂರು ಚೀಟಿ. ಒಂದು ಮಾಮೂಲಿ ರಾತ್ರಿ ಹೇಳುತ್ತೇನೆ ಕೇಳಿ. ಗಂಟೆ 2:40. ಪರದೆ ಮೇಲೆ ಒಂದು ಅಲರ್ಟ್, ಹೆಸರು "ಇಂಪಾಸಿಬಲ್ ಟ್ರಾವೆಲ್". ಒಬ್ಬ ಉದ್ಯೋಗಿ 2:10ಕ್ಕೆ ಬೆಂಗಳೂರಿಂದ ಲಾಗಿನ್ ಆಗಿದ್ದಾರೆ, 2:31ಕ್ಕೆ ಆಮ್‌ಸ್ಟರ್‌ಡ್ಯಾಮ್‌ನಿಂದ. ಇಪ್ಪತ್ತೊಂದು ನಿಮಿಷದಲ್ಲಿ ಅಲ್ಲಿಗೆ ಹಾರಲು ಹನುಮಂತನಿಗೆ ಮಾತ್ರ ಸಾಧ್ಯ. ಸಿನಿಮಾದಲ್ಲಾದರೆ ಇಲ್ಲಿಂದ ಹಿನ್ನೆಲೆ ಸಂಗೀತ ಶುರು ಆಗಬೇಕು. ನಾನು ಆ ಐಪಿ, ಅಂದರೆ ಇಂಟರ್ನೆಟ್ ವಿಳಾಸ, ಯಾರದು ಅಂತ ನೋಡಿದೆ. ಲ್ಯಾಪ್‌ಟಾಪ್ ಅದೇನಾ ನೋಡಿದೆ. ಓಟಿಪಿ ಅವರ ಫೋನಿಗೇ ಹೋಗಿದೆಯಾ ನೋಡಿದೆ. ಎಲ್ಲ ಸರಿ ಇದೆ. ಪುಣ್ಯಾತ್ಮರು ಬೇರೆ ದೇಶದಲ್ಲಿದ್ದ ಹಾಗೆ ತೋರಿಸುವ ವಿಪಿಎನ್ ಹಾಕಿಕೊಂಡು ಬೇರೆ ದೇಶದ ಯಾವುದೋ ಸೀರೀಸ್ ನೋಡುತ್ತಿದ್ದಾರೆ, ಆಫೀಸ್ ಲ್ಯಾಪ್‌ಟಾಪಲ್ಲಿ. ಟಿಕೆಟ್ ಮೇಲೆ "ಫಾಲ್ಸ್ ಪಾಸಿಟಿವ್", ಅಂದರೆ ಸುಳ್ಳು ಅಲರ್ಟ್, ಅಂತ ಬರೆದು ಮುಚ್ಚಿದೆ. ಮುಂದಿನದು. ಅದರ ಮುಂದಿನದು. ಬೆಳಗ್ಗೆ ಆರಕ್ಕೆ ಶಿಫ್ಟ್ ಮುಗಿಯುವಾಗ ಎಪ್ಪತ್ತು ಚಿಲ್ಲರೆ ಮುಚ್ಚಿರುತ್ತೇನೆ. ಕಳ್ಳ ಒಬ್ಬನೂ ಸಿಕ್ಕಿರುವುದಿಲ್ಲ.

ಬೋರ್ ಅನ್ನಿಸಿತಾ? ಅದೇ ವಿಷಯ. ಈ ಕೆಲಸದ ದೊಡ್ಡ ಅಪಾಯ ಹ್ಯಾಕರ್ ಅಲ್ಲ, ಈ ಬೇಜಾರು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕಂಪನಿ ಹೆಸರು ಬೇಡ, ಹಿಂದಿನ ಕೆಲಸದಲ್ಲಿ ಆಗಿದ್ದು. ಅವತ್ತೂ ಇಂಥದ್ದೇ ರಾತ್ರಿ. ಒಂದು ಅಲರ್ಟ್ ಬಂತು: ಅಕೌಂಟ್ಸ್ ವಿಭಾಗದ ಒಬ್ಬರ ಮೇಲ್‌ಬಾಕ್ಸಲ್ಲಿ ಹೊಸ ರೂಲ್ ಸೇರಿದೆ. ಮೇಲ್ ರೂಲ್ ಎಲ್ಲರೂ ಮಾಡಿಕೊಳ್ಳುತ್ತಾರೆ. ಬಾಸ್ ಮೇಲ್ ಈ ಫೋಲ್ಡರಿಗೆ, ಜಾಹೀರಾತು ಆ ಫೋಲ್ಡರಿಗೆ. ದಿನಕ್ಕೆ ಇಂಥವು ಹತ್ತಾರು. ಎರಡು ಸೆಕೆಂಡ್ ನೋಡಿದೆ, ಮುಚ್ಚಿದೆ.

ನಮ್ಮ ಟೀಮಲ್ಲಿ ಒಬ್ಬ ಸಹೋದ್ಯೋಗಿ ಇದ್ದರು. ಬಿ.ಕಾಂ. ಓದಿದವರು. ಮೊದಲು ಒಂದು ಸಹಕಾರಿ ಸೊಸೈಟಿಯಲ್ಲಿ ಲೆಡ್ಜರ್ ತಾಳೆ ನೋಡುತ್ತಿದ್ದರು. ಟೀಮಿನ ಇಂಜಿನಿಯರ್‌ಗಳು, ನಾನೂ ಸೇರಿ, ಹಿಂದಿಂದ ಸ್ವಲ್ಪ ನಗುತ್ತಿದ್ದೆವು ಅಂತ ಒಪ್ಪಿಕೊಳ್ಳಬೇಕು. ಮುಚ್ಚಿದ ಟಿಕೆಟ್‌ಗಳಲ್ಲಿ ಒಂದಷ್ಟನ್ನು ಮತ್ತೆ ತೆಗೆದು ನೋಡುವುದು ಅವರ ಕೆಲಸ. ಎರಡು ದಿನ ಬಿಟ್ಟು ನನ್ನ ಟಿಕೆಟ್ ಹಿಡಿದುಕೊಂಡು ಬಂದರು. "ಇದನ್ನ ನೋಡಿದ್ರಾ? ರೂಲಿನ ಹೆಸರು ನೋಡಿ."

ಹೆಸರು ಇದ್ದ ಜಾಗದಲ್ಲಿ ಒಂದು ಚುಕ್ಕೆ. ಅಷ್ಟೇ. ಫುಲ್‌ಸ್ಟಾಪ್.

"ಯಾರಾದ್ರೂ ರೂಲಿಗೆ ಚುಕ್ಕೆ ಅಂತ ಹೆಸರಿಡ್ತಾರಾ?" ಅಂದರು. ರೂಲ್ ಬಿಚ್ಚಿ ನೋಡಿದರೆ, ಒಬ್ಬ ಸಪ್ಲೈಯರ್ ಕಡೆಯಿಂದ ಬರುವ ಮೇಲ್ ಎಲ್ಲ ಸೀದಾ "ಆರ್‌ಎಸ್‌ಎಸ್ ಫೀಡ್ಸ್" ಫೋಲ್ಡರಿಗೆ, ಅಂದರೆ ವೆಬ್‌ಸೈಟ್‌ಗಳ ಹೊಸ ಸುದ್ದಿ ಬಂದು ಬೀಳುವ ಫೋಲ್ಡರಿಗೆ, ಹೋಗುತ್ತಿದೆ. ಯಾರೂ ತೆರೆಯದ ಫೋಲ್ಡರ್ ಅದು. ಒಳಗೆ ಕೂತವನು ಆ ಮೇಲ್‌ಗಳನ್ನು ಓದಿಕೊಂಡು, ಸಪ್ಲೈಯರ್ ಹೆಸರಲ್ಲಿ ತಾನೇ "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ" ಅಂತ ಬರೆದಿದ್ದ. ಒಂದು ಬಿಲ್ಲಿನ ದುಡ್ಡು ಆಗಲೇ ಹೋಗಿತ್ತು. ಮುಂದಿನದನ್ನು ತಡೆದಿದ್ದು ಆ ಚುಕ್ಕೆ.

ಆಮೇಲೆ ಏನಾಯಿತು ಗೊತ್ತಾ? ಚೇಸಿಂಗ್ ಇಲ್ಲ, ಕೀಬೋರ್ಡ್ ಮೇಲೆ ಬೆರಳುಗಳ ಕುಣಿತ ಇಲ್ಲ. ಫಾರ್ಮ್ ತುಂಬಿದ್ದು. 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. 180 ದಿನದ ಲಾಗ್, ಅಂದರೆ ಕಂಪ್ಯೂಟರ್‌ಗಳಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆ, ಇಟ್ಟಿರಬೇಕು. ಒಂದು ಕಡೆ ವಕೀಲರ ಕಾಲ್, ಇನ್ನೊಂದು ಕಡೆ ಬ್ಯಾಂಕು, ಮಧ್ಯೆ ಮ್ಯಾನೇಜರ್ "ಎಷ್ಟು ಗಂಟೆಗೆ ಗೊತ್ತಾಯ್ತು ಅಂತ ಬರೆಯೋಣ?" ಅಂತ. ನನ್ನ ಟಿಕೆಟ್ಟಿನ ಮೇಲಿದ್ದ ಸಮಯ ನೋಡಿದಾಗ ಹೊಟ್ಟೆಯಲ್ಲಿ ಆದ ಸಂಕಟ ಇನ್ನೂ ನೆನಪಿದೆ.

ಅವತ್ತಿಂದ ನನ್ನ ತಲೆಯಲ್ಲಿ ಒಂದು ಮಾತು ಕೂತಿದೆ. ಈ ಕೆಲಸಕ್ಕೆ ಬೇಕಾಗಿರುವುದು ಲೆಕ್ಕ ಬರೆಯುವವರ ಕಣ್ಣು. ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬರಬಾರದು, ಅಂಥವರು. ಆದರೆ ಜಾಹೀರಾತು ಕರೆಯುವುದು ಯಾರನ್ನು? ಬೀಗ ಒಡೆಯುವ ಕನಸಿರುವ ಹುಡುಗರನ್ನು. ಅವರು ಬರುತ್ತಾರೆ, ಮೂರು ತಿಂಗಳು ಟಿಕೆಟ್ ಮುಚ್ಚುತ್ತಾರೆ, ಬಿಟ್ಟು ಹೋಗುತ್ತಾರೆ. ನಿಜಕ್ಕೂ ಬೇಕಾದವರು, ಆ ಲೆಡ್ಜರ್ ನೋಡುವವರು, "ಅಯ್ಯೋ ಅದೆಲ್ಲ ನಮಗಲ್ಲ" ಅಂತ ಅರ್ಜಿಯನ್ನೇ ಹಾಕುವುದಿಲ್ಲ. ಆ ಹೂಡಿ ಫೋಟೋ ಮೇಲೆ ನನಗಿರುವ ಸಿಟ್ಟು ಇದೇ.

ಬೀಗ ಒಡೆಯುವ ಕೆಲಸ ಇಲ್ಲವೇ ಇಲ್ಲ ಅಂತಲ್ಲ. ಕಂಪನಿಯೇ ಕರೆದು ಒಡೆಸಿ ನೋಡುವ ಪೆನ್‌ಟೆಸ್ಟಿಂಗ್ ಇದೆ, ತೂತು ಹುಡುಕಿಕೊಟ್ಟವರಿಗೆ ಬಹುಮಾನ ಕೊಡುವ ಬಗ್ ಬೌಂಟಿ ಇದೆ. ಗೆಳೆಯನೊಬ್ಬ ಅದನ್ನೇ ಮಾಡುತ್ತಾನೆ, ಚೆನ್ನಾಗಿ ಮಾಡುತ್ತಾನೆ. ಅವನನ್ನು ಕೇಳಿ, ಎರಡು ದಿನ ಒಡೆಯುವುದು, ಎಂಟು ದಿನ ವರ್ಡ್‌ನಲ್ಲಿ ರಿಪೋರ್ಟ್ ಬರೆಯುವುದು ಅನ್ನುತ್ತಾನೆ. ಮುಂದಿನ ವರ್ಷ ಹೋದರೆ ಅದೇ ತೂತು ಅಲ್ಲೇ ಇರುತ್ತದಂತೆ.

ದೊಡ್ಡ ದೊಡ್ಡ ಕಥೆಗಳ ಒಳಗೆ ಇಣುಕಿದರೂ ಕಾಣುವುದು ಇಂಥ ಸಪ್ಪೆ ಸಂಗತಿಗಳೇ. 2017ರಲ್ಲಿ ಜನರ ಸಾಲದ ಲೆಕ್ಕ ಇಡುವ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತು. ತೂತು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಒಂದು ಸರ್ವರ್‌ಗೆ ಹಾಕುವುದು ತಪ್ಪಿತು. ಮೇ ತಿಂಗಳಿಂದ ಕಳ್ಳರು ಅಲ್ಲಿಂದ ಡೇಟಾ ಹೊತ್ತರು. ಕಾವಲಿಗೆ ಇಟ್ಟಿದ್ದ ಯಂತ್ರ ಏನು ಮಾಡುತ್ತಿತ್ತು? ಅದಕ್ಕೆ ಬೇಕಾದ ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿದು ತಿಂಗಳುಗಟ್ಟಲೆ ಆಗಿತ್ತು, ಕಣ್ಣು ಮುಚ್ಚಿಕೊಂಡು ನಿಂತಿತ್ತು. ಜುಲೈ ಕೊನೆಗೆ ಯಾರೋ ಸರ್ಟಿಫಿಕೇಟ್ ರಿನ್ಯೂ ಮಾಡಿದರು. ಮಾಡಿದ ಕೂಡಲೇ ಕಳ್ಳತನ ಕಣ್ಣಿಗೆ ಬಿತ್ತು! ಮನೆಯಲ್ಲಿ ಗಾಡಿ ಇನ್ಶೂರೆನ್ಸ್ ಮುಗಿದಿದ್ದು ನೆನಪಿಸುವ ಅಪ್ಪ ಇರುತ್ತಾರಲ್ಲ, ಅಂಥವರೊಬ್ಬರು ಅಲ್ಲಿರಬೇಕಿತ್ತು.

ಲಾಗ್‌ಫೋರ್‌ಜೆ ವಾರ ನಮ್ಮವರು ಯಾರೂ ಮರೆಯುವುದಿಲ್ಲ. 2021, ಡಿಸೆಂಬರ್ 10, ಶುಕ್ರವಾರ. ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು ಅಂಕದ ತೂತು. ಅದೂ ಲಾಗ್ ಬರೆಯುವ ಲಾಗ್‌ಫೋರ್‌ಜೆ ಅನ್ನುವ ಒಂದು ಪುಟಾಣಿ ಜಾವಾ ಲೈಬ್ರರಿಯಲ್ಲಿ, ಅಂದರೆ ಎಲ್ಲರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡಿನಲ್ಲಿ. ನಮ್ಮ ಮುಂದಿದ್ದ ಪ್ರಶ್ನೆ ಹ್ಯಾಕರ್ ಯಾರು ಅನ್ನುವುದಲ್ಲ, ಈ ಲೈಬ್ರರಿ ನಮ್ಮಲ್ಲಿ ಎಲ್ಲೆಲ್ಲಿದೆ ಅನ್ನುವುದು. ಜಾವಾ ಕೋಡನ್ನು ಗಂಟು ಕಟ್ಟಿಡುವ ಜಾರ್ ಫೈಲಿನೊಳಗೆ ಇನ್ನೊಂದು ಜಾರ್, ಅದರೊಳಗೆ ಮತ್ತೊಂದು. ನಮ್ಮ ಹತ್ತಿರ ಇದ್ದಿದ್ದು ಮೂರು ವರ್ಷ ಹಳೇ ಎಕ್ಸೆಲ್ ಶೀಟ್. ಅದರಲ್ಲಿ ಅರ್ಧ ಸರ್ವರ್‌ಗಳ ಮಾಲೀಕರು ಕೆಲಸ ಬಿಟ್ಟು ಹೋಗಿದ್ದರು. ಶನಿವಾರ, ಭಾನುವಾರ ಪೂರ್ತಿ ಫೋನ್ ಮಾಡಿದ್ದೇ ಮಾಡಿದ್ದು. "ಸರ್, ಈ ಸರ್ವರ್ ನಿಮ್ಮದಾ?" ತೂತು ಮುಚ್ಚಿದ ಹೊಸ ಆವೃತ್ತಿ 2.15 ಹಾಕಿ ಮುಗಿಸಿದೆವು, 2.16 ಬಂತು. ಅದನ್ನು ಹಾಕುವಷ್ಟರಲ್ಲಿ 2.17. ಹೊಸ ವರ್ಷಕ್ಕೆ ಮೂರು ದಿನ ಇರುವಾಗ 2.17.1. ನನ್ನ ಹೆಂಡತಿ ಆ ಡಿಸೆಂಬರಿಗೆ ಇಟ್ಟ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಆಫೀಸಲ್ಲಿ ನಮಗಿರುವ ಮರ್ಯಾದೆಯೂ ಅಷ್ಟಕ್ಕಷ್ಟೇ. ಏನೂ ಆಗದಿದ್ದರೆ "ನೀವು ಮಾಡೋದಾದ್ರೂ ಏನು?" ಅನ್ನುತ್ತಾರೆ. ಏನಾದರೂ ಆದರೆ "ನೀವು ಮಾಡಿದ್ದೇನು?" ಅನ್ನುತ್ತಾರೆ. ಒಮ್ಮೆ ದೀಪಾವಳಿ ಬೋನಸ್ ಹೆಸರಲ್ಲಿ ನಕಲಿ ಫಿಶಿಂಗ್ ಮೇಲ್, ಅಂದರೆ ಆಸೆ ತೋರಿಸಿ ಕ್ಲಿಕ್ ಮಾಡಿಸುವ ಮೋಸದ ಮೇಲ್, ಕಳಿಸಿ ಪರೀಕ್ಷೆ ಮಾಡಿದೆವು. ಸಿಕ್ಕಾಪಟ್ಟೆ ಜನ ಕ್ಲಿಕ್ ಮಾಡಿದರು. ದೂರು ಬಂದಿದ್ದು ನಮ್ಮ ಮೇಲೆ. ಬೋನಸ್ ಆಸೆ ತೋರಿಸಿ ಮನಸ್ಸು ನೋಯಿಸಿದಿರಿ ಅಂತ. ಅದೂ ಸರಿಯೇ ಅನ್ನಿ.

ಇನ್ನು ನೆಂಟರ ಲೆಕ್ಕದಲ್ಲಿ ನಾನು ಇನ್‌ಸ್ಟಾಗ್ರಾಮ್ ಅಕೌಂಟ್ ವಾಪಸ್ ತರುವವನು. ದುಡ್ಡು ಹೋಯಿತು ಅಂತ ಯಾರು ಫೋನ್ ಮಾಡಿದರೂ ನಾನು ಹೇಳುವುದು ಒಂದೇ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ, ತಡ ಮಾಡಬೇಡಿ. "ಅಷ್ಟೇನಾ, ನೀನೇ ಏನೂ ಮಾಡಕ್ಕಾಗಲ್ವಾ?" ಅಂತ ಬೇಜಾರಾಗುತ್ತಾರೆ.

ಹಾಗಂತ ಕೆಲಸ ಬಿಡುವ ಯೋಚನೆ ನನಗಿಲ್ಲ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್ ತನ್ನ ಕೆಲಸದ ಮಧ್ಯೆ ಒಂದು ವಿಚಿತ್ರ ನೋಡಿದ. ಸರ್ವರ್‌ಗೆ ಲಾಗಿನ್ ಆಗಲು ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ. ನಾವಾಗಿದ್ದರೆ ನೆಟ್‌ವರ್ಕ್‌ಗೆ ಬೈದು ಚಹಾ ಕುಡಿಯಲು ಹೋಗುತ್ತಿದ್ದೆವು. ಅವನು ಬಿಡಲಿಲ್ಲ. ಕೆದಕುತ್ತಾ ಹೋದರೆ ಎಕ್ಸ್‌ಝೆಡ್ ಅನ್ನುವ ಲೈಬ್ರರಿಯಲ್ಲಿ ಯಾರೋ ಬಚ್ಚಿಟ್ಟಿದ್ದ ಕಳ್ಳಬಾಗಿಲು ಸಿಕ್ಕಿತು. ಅದು ಇನ್ನೊಂದಿಷ್ಟು ತಿಂಗಳು ಹಾಗೇ ಇದ್ದಿದ್ದರೆ ಜಗತ್ತಿನ ಎಷ್ಟೋ ಲಿನಕ್ಸ್ ಸರ್ವರ್‌ಗಳ ಒಳಗೆ ಸೇರುತ್ತಿತ್ತು. ಅವನು ಸೆಕ್ಯೂರಿಟಿಯವನೂ ಅಲ್ಲ, ಡೇಟಾಬೇಸ್ ಕೆಲಸದವನು. ಆ ಸುದ್ದಿ ಓದಿದ ದಿನ ನನಗೆ ನೆನಪಾಗಿದ್ದು ನಮ್ಮ ಬಿ.ಕಾಂ. ಮೇಡಂ ಮತ್ತು ಆ ಚುಕ್ಕೆ.

ಗೃಹಪ್ರವೇಶದ ಹುಡುಗನಿಗೆ ನಾನು ಉಪದೇಶ ಮಾಡಲಿಲ್ಲ. ಮನೆಗೆ ಬಂದು, ನನ್ನ ಸ್ವಂತ ರೂಟರ್‌ನ ನಾನೂರು ಸಾಲಿನ ಲಾಗ್ ಕಳಿಸಿದೆ. "ಇದರಲ್ಲಿ ಏನಿದೆ ಹೇಳು" ಅಂತ ಒಂದು ಸಾಲು, ಅಷ್ಟೇ. ಮೂರು ದಿನ ಸುದ್ದಿ ಇಲ್ಲ. ಕೋರ್ಸಿಗೆ ಸೇರಿಬಿಟ್ಟ ಅಂದುಕೊಂಡೆ. ನಾಲ್ಕನೇ ದಿನ ಉತ್ತರ ಬಂತು. "ಅಣ್ಣ, ತಪ್ಪು ತಿಳ್ಕೋಬೇಡಿ, ಇದರಲ್ಲಿ ಏನೂ ಇಲ್ಲ ಅನ್ಸುತ್ತೆ. ರಾತ್ರಿ ಮೂರಕ್ಕೆ ಏನೋ ಹೊರಗೆ ಹೋಗ್ತಿದೆ ಅಂತ ಡೌಟ್ ಬಂತು. ಆದ್ರೆ ಅದು ದಿನಾ ಅದೇ ಟೈಮಿಗೆ, ಅದೇ ಜಾಗಕ್ಕೆ ಹೋಗುತ್ತೆ. ನಿಮ್ಮ ಟೀವಿ ಅಪ್‌ಡೇಟ್ ಇರ್ಬೇಕು."

ಟೀವಿಯೇ. ಲಾಗ್‌ನಲ್ಲಿ ನಿಜಕ್ಕೂ ಏನೂ ಇರಲಿಲ್ಲ.

ಆ ಒಂದೂವರೆ ಲಕ್ಷ ಇನ್ನೂ ಕಟ್ಟಿಲ್ಲ ತಾನೇ, ಭಾನುವಾರ ಮನೆಗೆ ಬಾ ಅಂತ ಹೇಳಿದ್ದೇನೆ.